ಮಿಯಾಟಾಗೆ ಶಾರ್ಟ್ ಶಿಫ್ಟರ್ ಹಾಕೋ ಮುಂಚೆ ಇದನ್ನ ಓದ್ಬಿಡಿ

ಸಣ್ಣವರಿದ್ದಾಗ ಕೆಂಪು ಬಸ್ಸಲ್ಲಿ ಡ್ರೈವರ್ ಪಕ್ಕ ಇಂಜಿನ್ ಬಾನೆಟ್ ಮೇಲೆ ಕೂತು ಹೋದೋರಿಗೆ ಗೊತ್ತಿರತ್ತೆ, ಆ ಗೇರ್ ರಾಡು ಮೊಳಕ್ಕಿಂತ ಉದ್ದ, ನ್ಯೂಟ್ರಲ್‌ನಲ್ಲಿ ಬಿಟ್ರೂ ಗಡಗಡ ಕುಣೀತಿರತ್ತೆ, ಸೆಕೆಂಡಿಂದ ಥರ್ಡಿಗೆ ಹಾಕ್ಬೇಕಂದ್ರೆ ಡ್ರೈವರಣ್ಣ ಅರ್ಧ ಸೀಟು ಬಿಟ್ಟು ಮುಂದಕ್ಕೆ ಬಗ್ಗಬೇಕು. ಒಂದು ಗೇರಿಂದ ಇನ್ನೊಂದಕ್ಕೆ ನಾಬ್ ಎಷ್ಟು ದೂರ ಓಡತ್ತೋ ಅದಕ್ಕೆ ಥ್ರೋ ಅಂತಾರೆ. ಆ ಕುಣಿತ ಇದ್ಯಲ್ಲ, ಅದು ಥ್ರೋ ಅಲ್ಲ, ಅದು ಆಟ. ಈ ಎರಡನ್ನ ಕಲಸಿಕೊಂಡು ದುಡ್ಡು ಕಳ್ಕೊಳ್ಳೋರೇ ಜಾಸ್ತಿ, ಅದ್ರಲ್ಲಿ ನಾನೂ ಒಬ್ಬ.

ನನ್ ಹತ್ರ ಇರೋದು 1996ರ ಮಜ್ದಾ ಮಿಯಾಟಾ, ಅಂದ್ರೆ ಟಾಪ್ ಬಿಚ್ಚೋ ಎರಡು ಸೀಟಿನ ಸಣ್ಣ ಕಾರು, ಐದು ಗೇರಿಂದು, ನಾನಿರೋದು ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ನಲ್ಲಿ. ಈ ಕಡೆ ಟೆನೆಸ್ಸೀ ಗಡಿಯಲ್ಲಿ ಟೇಲ್ ಆಫ್ ದ ಡ್ರ್ಯಾಗನ್ ಅಂತ ಒಂದು ರಸ್ತೆ ಇದೆ, 11 ಮೈಲಿಯಲ್ಲಿ 318 ತಿರುವು ಅಂತ ಟೀಶರ್ಟ್ ಮೇಲೆಲ್ಲ ಪ್ರಿಂಟ್ ಹಾಕಿ ಮಾರ್ತಾರೆ (ಆಗುಂಬೆಯ 14 ಹೇರ್‌ಪಿನ್ ನೋಡಿದೋರಿಗೆ ಇದೇನ್ ಮಹಾ ಅನ್ಸಬಹುದು, ಆದ್ರೆ ಆಗುಂಬೆಯಲ್ಲಿ ಎದುರಿಗೆ ಬಸ್ಸು ಬರತ್ತೆ ಅನ್ನೋ ಭಯಕ್ಕೇ ಯಾರೂ ಸ್ಪೀಡ್ ಹೋಗಲ್ಲ). ಆ ರೋಡಲ್ಲಿ ಸೆಕೆಂಡ್-ಥರ್ಡ್, ಥರ್ಡ್-ಸೆಕೆಂಡ್ ಅಂತ ದಿನವಿಡೀ ಹಾಕಿದ್ಮೇಲೆ ಎಲ್ರಿಗೂ ಬರೋ ಆಸೆ ಒಂದೇ, ಶಾರ್ಟ್ ಶಿಫ್ಟರ್, ಅಂದ್ರೆ ಥ್ರೋ ಕಮ್ಮಿ ಮಾಡೋ ಗೇರ್ ಲಿವರ್, ಹಾಕಿಸ್ಬಿಡೋಣ ಅಂತ.

ಮೊದ್ಲು ಲೆಕ್ಕ ಅರ್ಥ ಮಾಡ್ಕೊಳ್ಳಿ, ಇದು ನಮ್ಮ ಏತದ ಲೆಕ್ಕಾನೇ. ಗೇರ್ ಲಿವರ್ ಒಂದು ಗುಂಡು ಬಾಲ್ ಮೇಲೆ ತೂಗತ್ತೆ, ಬಾಲ್‌ನಿಂದ ಮೇಲೆ ಉದ್ದ, ಕೆಳಗೆ ಗಿಡ್ಡ. ಉದಾಹರಣೆಗೆ ಮೇಲೆ 200 ಮಿಮೀ, ಕೆಳಗೆ 40 ಮಿಮೀ ಇದೆ ಅಂದ್ಕೊಳ್ಳಿ, ಕೆಳಗಡೆ ತುದಿ 10 ಮಿಮೀ ಸರಿಯೋಕೆ ಮೇಲೆ ನಿಮ್ ಕೈ 50 ಮಿಮೀ ಹೋಗ್ಬೇಕು. ಈಗ ಕೆಳಗಿನ ಭಾಗಾನ 50 ಮಿಮೀ ಮಾಡಿದ್ರೆ ಕೈ 40 ಮಿಮೀ ಹೋದ್ರೆ ಸಾಕು, ಅಂದ್ರೆ ಥ್ರೋ 20 ಪರ್ಸೆಂಟ್ ಕಮ್ಮಿ, ಆದ್ರೆ ಹಾಕ್ಬೇಕಾದ ಬಲ 25 ಪರ್ಸೆಂಟ್ ಜಾಸ್ತಿ ಆಯ್ತು. ಯಾವ ಕಂಪನಿ ಏನೇ ಹೇಳ್ಲಿ ಈ ಲೆಕ್ಕದಿಂದ ತಪ್ಪಿಸ್ಕೊಳ್ಳೋಕಾಗಲ್ಲ, ಕೈ ಓಡಾಟ ಉಳಿಸಿದ್ರೆ ಕೈ ಬಲ ಕೊಡ್ಬೇಕು. ಚಳಿಗಾಲದ ಬೆಳಿಗ್ಗೆ ಗೇರ್ ಆಯಿಲ್ ಗಟ್ಟಿಯಾಗಿ ಸೆಕೆಂಡ್ ಗೇರ್ ಮೊದ್ಲೇ ಹಟ ಮಾಡ್ತಿರತ್ತೆ, ಅವಾಗ ಈ 25 ಪರ್ಸೆಂಟ್ ಚೆನ್ನಾಗಿ ಗೊತ್ತಾಗತ್ತೆ. ಗೇರ್‌ಬಾಕ್ಸ್ ಒಳಗಿನ ಸಿಂಕ್ರೋ ಎರಡು ಬದಿಯ ವೇಗ ಸರಿದೂಗಿಸೋಕೆ ಒಂದು ಕ್ಷಣ ತಗೊಳ್ಳತ್ತೆ, ಲಿವರ್ ಗಿಡ್ಡ ಮಾಡಿದ ತಕ್ಷಣ ಆ ಕ್ಷಣ ಗಿಡ್ಡ ಆಗಲ್ಲ, ನೀವು ಗುದ್ದಿ ಹಾಕಿದ್ರೆ ಸವೆಯೋದು ಅದೇ.

ಹಾಗಾಗಿ ಏನೂ ಕೊಳ್ಳೋಕ್ ಮುಂಚೆ ಅಳತೆ ತಗೊಳ್ಳಿ. ಇಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿ, ಡ್ಯಾಶ್‌ಬೋರ್ಡಿಂದ ನಾಬ್ ಮಧ್ಯಕ್ಕೆ ಟೇಪ್ ಹಿಡ್ದು ಫಸ್ಟಲ್ಲಿ ಎಷ್ಟು, ಸೆಕೆಂಡಲ್ಲಿ ಎಷ್ಟು ಬರ್ಕೊಳ್ಳಿ, ಆಮೇಲೆ ಗೇರಲ್ಲೇ ಇಟ್ಟು ಲಿವರ್ ಅಲ್ಲಾಡ್ಸಿ ನೋಡಿ, ಎಷ್ಟು ಆಟ ಇದೆ ಅದನ್ನೂ ಬರ್ಕೊಳ್ಳಿ. ಗೇರಲ್ಲಿದ್ದಾಗ್ಲೂ ಲಿವರ್ ಸಾಂಬಾರ್ ಪಾತ್ರೆಯಲ್ಲಿ ಸೌಟು ತಿರುಗಿದ ಹಾಗೆ ತಿರುಗ್ತಿದ್ರೆ ನಿಮಗೆ ಬೇಕಾಗಿರೋದು ಶಾರ್ಟ್ ಶಿಫ್ಟರ್ ಅಲ್ಲ. ಅದೇ ರೀತಿ ಗೇರ್ ಬೀಳೋವಾಗ ಕಟಕಟ ಅಂದ್ರೆ, ರಿವರ್ಸಿಗೆ ಹಾಕೋವಾಗ ಗರ್ ಅಂದ್ರೆ, ಒಂದ್ಸಲ ಕ್ಲಚ್ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸೋ ಭಾಗ) ನೋಡಿ, ಹಳೇ ಮಿಯಾಟಾಗಳಲ್ಲಿ ಇದು ಸೋರೋದು ಮನೆಮಾತು, ಅದು ಸೋರ್ತಿದ್ರೆ ಕ್ಲಚ್ ಪೂರ್ತಿ ಬಿಡಲ್ಲ, ಅವಾಗ ಚಿನ್ನದ ಲಿವರ್ ಹಾಕಿದ್ರೂ ಗೇರ್ ಬೀಳಲ್ಲ.

ಇನ್ನು ಯಾವ್ಯಾವ ದಾರಿ ಇದೆ ಅಂತ ನೋಡೋಣ.

ಮಿಯಾಟಾದ ವಿಶೇಷ ಏನಂದ್ರೆ ಇಂಜಿನ್ ಮುಂದೆ, ಹಿಂದಿನ ಚಕ್ರಕ್ಕೆ ಪವರ್, ಗೇರ್‌ಬಾಕ್ಸ್ ನಿಮ್ಮ ಮೊಣಕಾಲ ಪಕ್ಕದಲ್ಲೇ, ಲಿವರ್ ನೇರವಾಗಿ ಗೇರ್‌ಬಾಕ್ಸ್ ಮೇಲಿರೋ ಟರೆಟ್ ಅನ್ನೋ ಗೂಡಿನ ಒಳಗೆ ಇಳಿದಿರತ್ತೆ. ಮಧ್ಯೆ ಕೇಬಲ್ ಇಲ್ಲ, ಉದ್ದದ ರಾಡಿಲ್ಲ. ಆ ಟರೆಟ್‌ನಲ್ಲಿ ಗೇರ್‌ಬಾಕ್ಸಿಗೆ ಸಂಬಂಧ ಇಲ್ದೆ ಬೇರೆ ಗೇರ್ ಆಯಿಲ್ ಇರತ್ತೆ, ಸುಮಾರು 90 ಎಂಎಲ್ ಅಷ್ಟೇ. ಗೇರ್‌ಬಾಕ್ಸ್ ಆಯಿಲ್ ತಪ್ಪದೆ ಬದಲಾಯಿಸೋ ಪುಣ್ಯಾತ್ಮರೂ ಇದನ್ನ ಮರೀತಾರೆ. ಲಿವರ್ ತುದಿಗೆ ಒಂದು ಪ್ಲಾಸ್ಟಿಕ್ ಬುಷ್, ಬಾಲ್ ಕೂರೋಕೆ ಒಂದು ಸೀಟು, ಮೇಲೆ ಆಯಿಲ್ ಹೊರಗೆ ಬರ್ದೇ ಇರೋಕೆ ಒಂದು ಸಣ್ಣ ರಬ್ಬರ್ ಬೂಟು, ಅದ್ರ ಮೇಲೆ ಇನ್ನೊಂದು ದೊಡ್ಡ ಬೂಟು. ಇಪ್ಪತ್ತೈದು-ಮೂವತ್ತು ವರ್ಷದ ಕಾರಲ್ಲಿ ಬುಷ್ ಪುಡಿಯಾಗಿರತ್ತೆ, ಸಣ್ಣ ಬೂಟು ಹರಿದಿರತ್ತೆ, ಆಯಿಲ್ ಖಾಲಿ. ಬೂಟ್ ಹರಿದಿದ್ರೆ ಕಾರೊಳಗೆ ಬಿಸಿ ಗಾಳಿ, ಗೇರ್ ಆಯಿಲ್ ವಾಸನೆ, ಗೇರ್‌ಬಾಕ್ಸ್ ಸದ್ದು ಮೂರೂ ಬರತ್ತೆ, ಬೇಸಿಗೆಯಲ್ಲಿ ನನ್ ಬಲಗಾಲು ಸುಡ್ತಿದ್ದಿದ್ದು ಇದಕ್ಕೇ ಅಂತ ನಂಗೆ ಎರಡು ವರ್ಷ ಗೊತ್ತಾಗ್ಲಿಲ್ಲ. ಈ ಬುಷ್, ಬೂಟ್, ಆಯಿಲ್ ಬದಲಾಯಿಸೋದೇ ಮೊದಲನೇ ಅಪ್‌ಗ್ರೇಡ್. ಥ್ರೋ ಒಂದು ಮಿಮೀ ಕೂಡ ಕಮ್ಮಿ ಆಗಲ್ಲ, ಆದ್ರೆ ಆಟ ಹೋಗಿ ಲಿವರ್ ಎಲ್ಲಿಡ್ತೀರೋ ಅಲ್ಲೇ ನಿಲ್ಲತ್ತೆ, ಎಷ್ಟೋ ಜನಕ್ಕೆ ಇಲ್ಲಿಗೇ ಸಮಾಧಾನ ಆಗತ್ತೆ.

ಎರಡನೇದು ನಾಬ್. ಇದನ್ನ ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ, ತಗೋಬೇಕು. ಮೇಲಿನ ಲೆಕ್ಕದಲ್ಲೇ ನೋಡಿ, 200 ಮಿಮೀಯಲ್ಲಿ 20 ಮಿಮೀ ಕೆಳಗೆ ಕೂರೋ ನಾಬ್ ಹಾಕಿದ್ರೆ ಥ್ರೋ 10 ಪರ್ಸೆಂಟ್ ಕಮ್ಮಿ, ಗೇರ್‌ಬಾಕ್ಸ್ ಮುಟ್ಟೋದೇ ಬೇಡ. ನಮ್ಮ ಕಾರಿನ ತ್ರೆಡ್ ಎಂ10 x 1.25, ಅದು ನೋಡಿ ತಗೊಳ್ಳಿ. ಭಾರದ ನಾಬ್ ಆದ್ರೆ ಕೈ ತಳ್ಳಿದ ವೇಗಕ್ಕೆ ಅದೇ ಮುಂದಕ್ಕೆ ಎಳ್ಕೊಂಡು ಹೋಗಿ ಗೇರಿಗೆ ಬೀಳ್ಸತ್ತೆ, ಬೆಣ್ಣೆ ಥರ ಅನ್ಸತ್ತೆ. ಹಗುರದ್ದಾದ್ರೆ ಒಳಗೆ ಏನ್ ನಡೀತಿದೆ ಅನ್ನೋದು ಕೈಗೆ ಚೆನ್ನಾಗಿ ಗೊತ್ತಾಗತ್ತೆ. ನನ್ ಓಟು ಭಾರದ್ದಕ್ಕೆ. ಆದ್ರೆ ಟಾಪ್ ಬಿಚ್ಚಿ ಬಿಸಿಲಲ್ಲಿ ಪಾರ್ಕ್ ಮಾಡೋ ಕಾರಿದು, ಬರೀ ಸ್ಟೀಲ್ ನಾಬ್ ಹಾಕಿದ್ರೆ ಕಾದ ತವಾ ಮುಟ್ಟಿದ ಹಾಗೆ, ಜನವರಿಯಲ್ಲಿ ಐಸು. ಡೆಲ್ರಿನ್ ಅನ್ನೋ ಪ್ಲಾಸ್ಟಿಕ್‌ದು ಸಿಗತ್ತೆ ಅಥವಾ ಚರ್ಮ ಸುತ್ತಿರೋದು ತಗೊಳ್ಳಿ.

ಮೂರನೇದು ನಿಜವಾದ ಶಾರ್ಟ್ ಶಿಫ್ಟರ್, ಅಂದ್ರೆ ಇಡೀ ಲಿವರ್ ಬದಲಾಯಿಸೋದು, ಬಾಲ್ ಜಾಗ ಮೇಲಕ್ಕೆ ಸರಿಸಿ ಕೆಳಗಿನ ಭಾಗ ಉದ್ದ ಮಾಡಿರ್ತಾರೆ. ಇಲ್ಲಿ ನೋಡ್ಬೇಕಾಗಿದ್ದು ಜಾಹೀರಾತಿನ ಪರ್ಸೆಂಟ್ ಅಲ್ಲ. ಕೆಲವರು ಗಿಡ್ಡ ಲಿವರ್, ಗಿಡ್ಡ ನಾಬ್ ಎಲ್ಲ ಸೇರಿಸಿ 40 ಪರ್ಸೆಂಟ್ ಅಂತ ಬರೀತಾರೆ, ಇನ್ನೊಬ್ರು ಬಾಲ್ ಜಾಗದ್ದು ಮಾತ್ರ ಲೆಕ್ಕ ಹಾಕಿ 25 ಅಂತಾರೆ, ಎರಡೂ ಕೈಗೆ ಒಂದೇ ಥರ ಅನ್ಸಬಹುದು. ಬಾಲ್‌ನಿಂದ ಮೇಲೆ ಎಷ್ಟು ಕೆಳಗೆ ಎಷ್ಟು ಅಂತ ಕೇಳಿ, ಅಳತೆ ಕೊಡದೇ ಇರೋರ ಹತ್ರ ತಗೋಬೇಡಿ. ಆಮೇಲೆ ಕಂಪನಿ ಲಿವರ್‌ಗಳಲ್ಲಿ ನಡುಗು ಕೈಗೆ ಬರ್ದೇ ಇರ್ಲಿ ಅಂತ ಮಧ್ಯೆ ರಬ್ಬರ್ ಇಟ್ಟಿರ್ತಾರೆ, ಹೊರಗಿನ ಕೆಲವು ಲಿವರ್‌ಗಳಲ್ಲಿ ಅದಿರಲ್ಲ, ಒಂದೇ ಗಟ್ಟಿ ಕಂಬಿ. ಗೇರ್ ಬೀಳೋದು ಖಟ್ ಅಂತ ಕೈಗೆ ಗೊತ್ತಾಗತ್ತೆ, ಖುಷಿಯಾಗತ್ತೆ, ಆದ್ರೆ ಹೈವೇಲಿ ಒಂದು ಆರ್‌ಪಿಎಂಗೆ ಬಂದಾಗ ನಾಬ್ ಜುಂಯ್ ಅಂತ ಜೇನುಗೂಡು ಥರ ಹಾಡತ್ತೆ. ವೀಕೆಂಡ್ ಕಾರಾದ್ರೆ ಪರ್ವಾಗಿಲ್ಲ, ದಿನಾ ಆಫೀಸಿಗೆ ಹೋಗೋದಾದ್ರೆ ರಬ್ಬರ್ ಇರೋದೇ ತಗೊಳ್ಳಿ.

ನಾನು ಮೊದ್ಲು ತಗೊಂಡಿದ್ದು ಆನ್‌ಲೈನಲ್ಲಿ ಸಿಕ್ಕ ಹೆಸರಿಲ್ಲದ ಒಂದು ಅಗ್ಗದ ಲಿವರ್, ಬಾಲ್ ಮೇಲೆ ಮೆಷಿನ್ ಮಾಡಿದ ಗೆರೆ ಬೆರಳಿಗೇ ತಗಲ್ತಿತ್ತು, ಆದ್ರೂ ಹಾಕ್ದೆ. ಹಾಕಿದ ದಿನ ಸ್ವರ್ಗ, ಮೂರು ತಿಂಗಳಿಗೆ ಹೊಸ ಸೀಟನ್ನ ತಿಂದು ಹಾಕಿತ್ತು, ಮತ್ತೆ ಆಟ ಶುರು. ಅದ್ರ ಮೇಲೆ ಐದನೇ ಗೇರಿನ ಕೆಳಗೆ ರಿವರ್ಸ್ ಇರತ್ತಲ್ಲ, ಅಲ್ಲಿ ಹಾಕೋವಾಗ ಲಿವರ್ ಕನ್ಸೋಲ್ (ಎರಡು ಸೀಟಿನ ಮಧ್ಯದ ಕವರು) ಅಂಚಿಗೆ ತಾಗ್ತಿತ್ತು. ಈಗ ಇರೋದು ಹೆಚ್ಚುಕಮ್ಮಿ 25 ಪರ್ಸೆಂಟ್‌ದು, ಅದಕ್ಕಿಂತ ಕಮ್ಮಿ ಥ್ರೋ ರೋಡ್ ಕಾರಿಗೆ ಬೇಡ ಅನ್ನೋದು ನನ್ನ ಅಭಿಪ್ರಾಯ.

ಆರು ಗೇರಿನ ಮಿಯಾಟಾ ಇರೋರು ಇಲ್ಲಿ ಸ್ವಲ್ಪ ನಿಲ್ಲಿ. 1999ರ ಹತ್ತನೇ ವರ್ಷದ ಸ್ಪೆಷಲ್ ಎಡಿಷನ್‌ನಿಂದ ಬಂದ ಆರು ಗೇರಿನ ಬಾಕ್ಸು ಐಸಿನ್ ಕಂಪನಿದು, ಅದ್ರ ಗೇಟುಗಳು (ಲಿವರ್ ಓಡಾಡೋ ಸಾಲುಗಳು) ಒತ್ತೊತ್ತಾಗಿವೆ, ಥ್ರೋ ಮೊದ್ಲೇ ಗಿಡ್ಡ, ಅದನ್ನ ಇನ್ನೂ ಗಿಡ್ಡ ಮಾಡಿದ್ರೆ ಗೇರ್ ತಪ್ಪಿ ಬೀಳೋ ಸಾಧ್ಯತೆ ಜಾಸ್ತಿ, ನಾಲ್ಕಕ್ಕೆ ಹಾಕೋ ಕಡೆ ಎರಡಕ್ಕೆ ಬಿದ್ರೆ ಇಂಜಿನ್ ಗತಿ ಏನು ಯೋಚ್ನೆ ಮಾಡಿ. ನಾಬ್ ಬದಲಾಯಿಸಿ, ಆಯಿಲ್ ಬದಲಾಯಿಸಿ, ಸುಮ್ನಿರಿ. ಹೊಂಡಾ ಎಸ್2000 ಇರೋರಿಗೂ ಇದೇ ಮಾತು.

ಬೇರೆ ಕಾರುಗಳ ಬಗ್ಗೆ ಬೇಗ ಹೇಳ್ಬಿಡ್ತೀನಿ. 2011ರಿಂದ ಬಂದ ಆರು ಗೇರಿನ ಮಸ್ಟ್ಯಾಂಗ್‌ನಲ್ಲಿ ಶಿಫ್ಟರ್ ಗೇರ್‌ಬಾಕ್ಸಿಂದ ದೂರ ಒಂದು ಬ್ರಾಕೆಟ್ ಮೇಲೆ ನಿಂತಿರತ್ತೆ, ಜೋರಾಗಿ ಓಡಿಸಿದಾಗ ಗೇರ್‌ಬಾಕ್ಸ್ ಒಂದು ಕಡೆ ಶಿಫ್ಟರ್ ಒಂದು ಕಡೆ ಓಲಾಡತ್ತೆ, ಅಲ್ಲಿ ಎಂಜಿಡಬ್ಲ್ಯು ಕಂಪನಿ ಥರದ್ದು ಇಡೀ ಶಿಫ್ಟರ್ ಬದಲಾಯಿಸೋದಕ್ಕೆ ಅರ್ಥ ಇದೆ. ಹಳೇ ಸುಬಾರು ಡಬ್ಲ್ಯುಆರ್‌ಎಕ್ಸ್‌ನಲ್ಲಿ ಮೊದ್ಲು ಲಿಂಕೇಜ್ (ಲಿವರನ್ನ ಗೇರ್‌ಬಾಕ್ಸಿಗೆ ಸೇರಿಸೋ ರಾಡು) ಬುಷ್‌ಗಳನ್ನ ಬದಲಾಯಿಸಿ. ಗಾಲ್ಫ್ ಜಿಟಿಐ, ಸಿವಿಕ್ ಎಸ್‌ಐ ಥರದ ಫ್ರಂಟ್ ವೀಲ್ ಕಾರಲ್ಲಿ ಕೇಬಲ್ ಇರತ್ತೆ, ಕೇಬಲ್ ತುದಿಯ ಬುಷ್ ಗಟ್ಟಿದು ಹಾಕಿ ನೋಡಿ. ಅಲ್ಲಿ ಶಾರ್ಟ್ ಶಿಫ್ಟರ್ ತಗೊಂಡ್ರೆ ಹಿಂದೆ-ಮುಂದೆ ಮಾತ್ರ ಕಮ್ಮಿ ಮಾಡತ್ತಾ, ಅಕ್ಕ-ಪಕ್ಕನೂ ಮಾಡತ್ತಾ ಅಂತ ಕೇಳಿ, ಒಂದೇ ಕಡೆ ಕಮ್ಮಿ ಆದ್ರೆ ಗೇಟು ವಿಚಿತ್ರವಾಗಿ ಅಗಲ ಅನ್ಸತ್ತೆ.

ಹಾಕೋದು ಹೇಗೆ ಅಂದ್ರೆ, ಮಿಯಾಟಾದಲ್ಲಿ ಕಾರು ಎತ್ತೋದೇ ಬೇಡ, ಎಲ್ಲ ಕೆಲ್ಸ ಒಳಗೆ ಕೂತೇ ಆಗತ್ತೆ, ಅದಕ್ಕೇ ಮನೇಲಿ ಮಾಡಿ ಅನ್ನೋದು. ಓಡಿಸಿ ಬಂದ ತಕ್ಷಣ ಕೈ ಹಾಕ್ಬೇಡಿ, ಕೆಳಗೆ ಸೈಲೆನ್ಸರ್ ಪೈಪು, ಎಲ್ಲ ಸುಡ್ತಿರತ್ತೆ, ರಾತ್ರಿ ಬಿಟ್ಟು ಬೆಳಿಗ್ಗೆ ಮಾಡಿ. ಸಮ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಯಾಕಂದ್ರೆ ಗೇರ್ ನ್ಯೂಟ್ರಲ್‌ನಲ್ಲಿ ಇರಬೇಕು. ನಾಬ್ ತಿರುಗಿಸಿ ಬಿಚ್ಚಿ, ಕನ್ಸೋಲ್ ಸ್ಕ್ರೂ ಬಿಚ್ಚಿ ಮೇಲೆತ್ತಿ, ಪವರ್ ವಿಂಡೋ ವೈರ್ ಇದ್ರೆ ಕನೆಕ್ಟರ್ ಬಿಡಿಸಿ, ಎಳೀಬೇಡಿ. ಕೆಳಗೆ ದೊಡ್ಡ ಬೂಟಿನ ಬೋಲ್ಟುಗಳು, ಅದ್ರ ಕೆಳಗೆ ಸಣ್ಣ ಬೂಟಿನ ಪ್ಲೇಟಿನ ಬೋಲ್ಟುಗಳು, 10 ಮತ್ತೆ 12 ಎಂಎಂ ಸಾಕೆಟು, ಒಂದು ಉದ್ದ ಎಕ್ಸ್‌ಟೆನ್ಷನ್ ಇಟ್ಕೊಳ್ಳಿ. ಪ್ಲೇಟ್ ಬಿಚ್ಚೋ ಮುಂಚೆ ಸುತ್ತ ಇರೋ ಮಣ್ಣು ಒರೆಸಿ, ಇಲ್ದಿದ್ರೆ ಎಲ್ಲ ಒಳಗೆ ಬೀಳತ್ತೆ. ಲಿವರ್ ನೇರ ಮೇಲಕ್ಕೆ ಬರತ್ತೆ. ಬಂದ ತಕ್ಷಣ ಆ ತೂತಿಗೆ ಬಟ್ಟೆ ತುರುಕಿ, ಒಂದು ವಾಷರ್ ಒಳಗೆ ಬಿದ್ರೆ ಭಾನುವಾರ ಪೂರ್ತಿ ಮ್ಯಾಗ್ನೆಟ್ ಹಿಡ್ಕೊಂಡು ಕೂರ್ಬೇಕು. ಬಾಲು, ಸೀಟು, ವಾಷರು ಯಾವ ದಿಕ್ಕಿಗೆ ಕೂತಿತ್ತು ಅಂತ ಮೊಬೈಲಲ್ಲಿ ಫೋಟೋ ತೆಗೀರಿ.

ಟರೆಟ್‌ನ ಹಳೇ ಆಯಿಲ್ ಮೆಡಿಕಲ್ ಸ್ಟೋರ್ ಸಿರಿಂಜಲ್ಲಿ ಎಳೆದು ತೆಗೀರಿ, ನಂದು ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು. ತುದಿಯ ಹಳೇ ಬುಷ್ ಒಡೆದಿದ್ರೆ ಅದ್ರ ಚೂರುಗಳು ಒಳಗೆ ಉಳ್ದಿರತ್ತೆ, ಹುಡುಕಿ ತೆಗೀರಿ. ಹೊಸ ಆಯಿಲ್ 75ಡಬ್ಲ್ಯು-90 ಹಾಕಿ, ನಾನು ರೆಡ್‌ಲೈನ್ ಎಂಟಿ-90 ಹಾಕ್ತೀನಿ, ಅದು ಜಿಎಲ್-4 ದರ್ಜೆದು, ಹಿತ್ತಾಳೆ ಸಿಂಕ್ರೋಗೆ ಒಳ್ಳೇದು, ಗೇರ್‌ಬಾಕ್ಸಿಗೂ ಅದನ್ನೇ 2 ಲೀಟರ್ ಹಾಕೋದ್ರಿಂದ ಒಂದೇ ಥರದ ಆಯಿಲ್ ತಂದ್ರೆ ಸಾಕು. ಹೊಸ ಬುಷ್ ಹಾಕಿ ಬಾಲಿಗೆ ಗ್ರೀಸ್ ಸವರಿ ಲಿವರ್ ಇಳಿಸಿ, ಪ್ಲೇಟಿನ ಕೆಳಗೆ ಸೀಲಂಟ್ ತೆಳ್ಳಗೆ ಎಳೀರಿ, ಬೋಲ್ಟ್ ಎಲ್ಲ ಸ್ವಲ್ಪ ಸ್ವಲ್ಪ ಸುತ್ತು ಬಿಗಿ ಮಾಡ್ತಾ ಬನ್ನಿ, ಕೆಳಗಿರೋದು ಅಲ್ಯೂಮಿನಿಯಂ, ಭೀಮಬಲ ತೋರಿಸಿದ್ರೆ ತ್ರೆಡ್ ಕಿತ್ಕೊಂಡು ಬರತ್ತೆ.

ಕನ್ಸೋಲ್ ಮುಚ್ಚೋ ಮುಂಚೆ ಕ್ಲಚ್ ಒತ್ತಿ ಎಲ್ಲ ಗೇರು ಹಾಕಿ ನೋಡಿ, ಆಮೇಲೆ ಕನ್ಸೋಲ್ ಸುಮ್ನೆ ಇಟ್ಟು ಐದು ಮತ್ತೆ ರಿವರ್ಸ್ ಎರಡೂ ಮೂಲೆಯಲ್ಲಿ ಲಿವರ್ ಎಲ್ಲೂ ತಾಗಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ತಾಗ್ತಿದ್ರೆ ಗೇರ್ ಪೂರ್ತಿ ಕೂರಲ್ಲ, ಓಡ್ತಾ ಓಡ್ತಾ ಆಚೆ ಹಾರ್ಕೊಳ್ಳತ್ತೆ. ಆಮೇಲೆ ಅದೇ ಟೇಪ್ ಹಿಡ್ದು ಮೊದ್ಲು ಬರ್ಕೊಂಡಿದ್ದ ಅಳತೆ ಪಕ್ಕ ಹೊಸದು ಬರೀರಿ. ಮೊದಲ ಒಂದು ವಾರ ಕೈ ಹಳೇ ಅಭ್ಯಾಸಕ್ಕೆ ಉದ್ದಕ್ಕೆ ಎಳೀತಾ ಇರತ್ತೆ, ನಿಧಾನಕ್ಕೆ ಓಡ್ಸಿ. ಹಳೇ ಲಿವರ್ ಮಾತ್ರ ಬಿಸಾಕ್ಬೇಡಿ, ನಂದು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಡಿಕ್ಕಿ ಸ್ಟೆಪ್ನಿ ಪಕ್ಕ ಇದೆ, ಕಾರ್ ಮಾರೋವಾಗ ಕೇಳೋರು ಮೊದ್ಲು ಕೇಳೋದೇ ಅದನ್ನ.