ಸಲಾಡ್ ಸೊಪ್ಪು: ಯಾವುದನ್ನು ತೊಳೆಯಬೇಕು, ಯಾವುದನ್ನು ತೊಳೆಯಬಾರದು

ಸೊಪ್ಪು ತೊಳೆಯೋದನ್ನೂ ಹೇಳಿಕೊಡಬೇಕಾ ಅಂತ ಕೇಳಬಹುದು. ಹೇಳಿಕೊಡಬೇಕು. ಯಾಕೆಂದರೆ ಈ ಸಣ್ಣ ಕೆಲಸವನ್ನು ತುಂಬಾ ಜನ ತಲೆಕೆಳಗಾಗಿ ಮಾಡುವುದನ್ನು ನೋಡಿದ್ದೇನೆ. ಚೆನ್ನಾಗಿ ತೊಳೆಯಬೇಕಾದ ಇಡೀ ಲೆಟ್ಯೂಸನ್ನು ನಲ್ಲಿ ಕೆಳಗೆ ಒಂದು ಸಲ ಹಿಡಿದು, ಕೊಡವಿ, ಆಯಿತು ಅನ್ನುತ್ತಾರೆ. ಕಾರ್ಖಾನೆಯಲ್ಲೇ ತೊಳೆದು ಬಂದ ಪ್ಯಾಕೆಟ್ ಸೊಪ್ಪನ್ನು ಮಾತ್ರ ಎಂಜಲು ಪಾತ್ರೆ ತೊಳೆಯುವ ಸಿಂಕಿನಲ್ಲಿ ನೀರು ತುಂಬಿಸಿ ಅರ್ಧ ಗಂಟೆ ನೆನೆಹಾಕುತ್ತಾರೆ. ಎರಡೂ ತಪ್ಪು. ಎರಡನೆಯದು ಇನ್ನೂ ದೊಡ್ಡ ತಪ್ಪು.

ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಬೇಯಿಸುವ ಸೊಪ್ಪಿನಲ್ಲಿ ರೋಗಾಣು ಇದ್ದರೂ ಬೆಂಕಿ ಅದನ್ನು ಕೊಲ್ಲುತ್ತದೆ. ಹಸಿ ಸೊಪ್ಪಿಗೆ ಆ ಕಾವಲು ಇಲ್ಲ. ಹೊಲದಿಂದ ಬಾಯಿಯವರೆಗೆ ರೋಗಾಣುವನ್ನು ಕೊಲ್ಲುವ ಹಂತ ಎಲ್ಲೂ ಬರುವುದಿಲ್ಲ. 2006ರಲ್ಲಿ ಅಮೆರಿಕದಲ್ಲಿ ಪ್ಯಾಕೆಟ್ ಪಾಲಕ್ ತಿಂದು 26 ರಾಜ್ಯಗಳಲ್ಲಿ 199 ಜನ ಕಾಯಿಲೆ ಬಿದ್ದರು. 31 ಜನರಿಗೆ ಮೂತ್ರಪಿಂಡಕ್ಕೇ ಪೆಟ್ಟಾಯಿತು, ಮೂವರು ತೀರಿಕೊಂಡರು. ಕಾರಣ ಇ. ಕೊಲೈ ಓ157 ಎಂಬ ಬ್ಯಾಕ್ಟೀರಿಯಾ. ಅದೇ ತಳಿ ಕ್ಯಾಲಿಫೋರ್ನಿಯಾದ ಹೊಲಗಳ ಹತ್ತಿರದ ದನಗಳ ಸಗಣಿಯಲ್ಲಿ, ಕಾಡುಹಂದಿಗಳಲ್ಲಿ, ಹೊಳೆ ನೀರಿನಲ್ಲಿ ಸಿಕ್ಕಿತು. 2018ರಲ್ಲಿ ಅರಿಜೋನಾದ ಯೂಮಾ ಕಡೆಯ ರೊಮೇನ್ ಲೆಟ್ಯೂಸ್‌ನಿಂದ 210 ಜನ ಕಾಯಿಲೆ ಬಿದ್ದರು, ಐವರು ಸತ್ತರು. ಆಗ ಅದೇ ರೋಗಾಣು ಸಿಕ್ಕಿದ್ದು ನೀರಾವರಿ ಕಾಲುವೆಯಲ್ಲಿ. ಅಂದರೆ ಕೊಳೆ ಅಂಗಡಿಯಲ್ಲಿ ಹತ್ತಿದ್ದಲ್ಲ, ಗಿಡ ಬೆಳೆಯುವಾಗಲೇ ಹತ್ತಿದ್ದು. ನೋಡಿದರೆ, ಮೂಸಿದರೆ ಗೊತ್ತಾಗುವುದಿಲ್ಲ. ಈ ಇ. ಕೊಲೈ ನೂರಕ್ಕಿಂತ ಕಡಿಮೆ ಕಣಗಳು ಹೊಟ್ಟೆಗೆ ಹೋದರೂ ಕಾಯಿಲೆ ತರಬಲ್ಲದು.

ಹಾಗಂತ ಸಲಾಡ್ ಬಿಡಿ ಅನ್ನುತ್ತಿಲ್ಲ. ನಮ್ಮ ಕೈಯಲ್ಲಿರುವ ಹಂತಗಳನ್ನಾದರೂ ಸರಿಯಾಗಿ ಮಾಡೋಣ ಅನ್ನುತ್ತಿದ್ದೇನೆ.

ಹಂತ 1: ಅಂಗಡಿಯಲ್ಲಿ

ಪ್ಯಾಕೆಟ್ ಮುಟ್ಟಿದರೆ ತಣ್ಣಗಿರಬೇಕು. ಒಳಗೆ ನೀರು ಕೂತಿದ್ದರೆ, ಎಲೆ ಲೋಳೆಯಾಗಿದ್ದರೆ, ಅಂಚು ಕಂದಿದ್ದರೆ, ಪ್ಯಾಕೆಟ್ ಉಬ್ಬಿದ್ದರೆ ಬೇಡ. ಕೊನೆಯ ದಿನಾಂಕ ಎಷ್ಟು ದೂರ ಇದ್ದರೆ ಅಷ್ಟು ಒಳ್ಳೆಯದು. ಹಿಂದಿನ ಸಾಲಿನಲ್ಲಿರುವ ಪ್ಯಾಕೆಟ್ ತೆಗೆದುಕೊಳ್ಳಲು ಸಂಕೋಚ ಬೇಡ.

ಆಯ್ಕೆ ಇದ್ದರೆ ಕತ್ತರಿಸಿದ ಸೊಪ್ಪಿಗಿಂತ ಇಡೀ ಲೆಟ್ಯೂಸನ್ನೇ ತೆಗೆದುಕೊಳ್ಳಿ. ಇದು ನನ್ನ ಗಟ್ಟಿ ಸಲಹೆ. ಎಲೆಯನ್ನು ಕತ್ತರಿಸಿದ ಜಾಗದಲ್ಲಿ ರಸ ಒಸರುತ್ತದೆ. ಬ್ಯಾಕ್ಟೀರಿಯಾ ಅಂಟಿಕೊಳ್ಳುವುದೂ ಆ ಅಂಚಿಗೇ ಜಾಸ್ತಿ. ಸಲಾಡ್ ಎಲೆಯ ರಸ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಲು ನೆರವಾಗುತ್ತದೆ ಎಂದು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲೇ ತೋರಿಸಿದ್ದಾರೆ. ಇನ್ನೊಂದು ಕಾರಣ, ಒಂದೊಂದು ಪ್ಯಾಕೆಟ್ಟಿನಲ್ಲಿ ಎಷ್ಟೋ ಗಿಡಗಳ ಎಲೆ ಬೆರೆತಿರುತ್ತದೆ, ಕೆಲವೊಮ್ಮೆ ಬೇರೆ ಬೇರೆ ಹೊಲಗಳದ್ದೂ. ಒಂದು ಗಿಡಕ್ಕೆ ಅಂಟಿದ ಕೊಳೆ ಕಾರ್ಖಾನೆಯ ತೊಟ್ಟಿ, ಕತ್ತಿ, ಬೆಲ್ಟುಗಳ ಮೂಲಕ ನೂರಾರು ಪ್ಯಾಕೆಟ್‌ಗಳಿಗೆ ಹರಡಬಹುದು. ಇಡೀ ಲೆಟ್ಯೂಸ್ ಕೆಟ್ಟಿದ್ದರೆ ಹೆಚ್ಚೆಂದರೆ ಅದೊಂದೇ ಕೆಟ್ಟಿರುತ್ತದೆ.

ಬುಟ್ಟಿಯಲ್ಲಿ ಹಸಿ ಮಾಂಸದ ಪಕ್ಕ ಸೊಪ್ಪು ಇಡಬೇಡಿ.

ಹಂತ 2: ಮನೆಗೆ ತಂದ ಮೇಲೆ

ನೇರ ಫ್ರಿಜ್ಜಿಗೆ. 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ. ಬಹಳ ಮನೆಗಳಲ್ಲಿ ಫ್ರಿಜ್ಜಿನ ಗುಂಡಿ ಯಾವ ಅಂಕಿಯ ಮೇಲಿದೆ ಎಂದು ಗೊತ್ತಿರುತ್ತದೆ, ಒಳಗೆ ಎಷ್ಟು ತಂಪಿದೆ ಎಂದು ಗೊತ್ತಿರುವುದಿಲ್ಲ. ಫ್ರಿಜ್ಜಿಗೆಂದೇ ಸಿಗುವ ಪುಟ್ಟ ಥರ್ಮಾಮೀಟರ್ ಒಂದನ್ನು ಒಳಗಿಡಿ. ತರಕಾರಿ ತೊಳೆಯುವ ಬಣ್ಣದ ದ್ರಾವಣಕ್ಕೆ ಹಾಕುವ ದುಡ್ಡನ್ನು ಇದಕ್ಕೆ ಹಾಕಿ. ಆ ದ್ರಾವಣದ ಸುದ್ದಿಗೆ ಆಮೇಲೆ ಬರುತ್ತೇನೆ.

ಸೊಪ್ಪು ಮೇಲಿನ ತಟ್ಟೆಯಲ್ಲಿ ಅಥವಾ ಅದರದೇ ಡಬ್ಬದಲ್ಲಿರಲಿ. ಹಸಿ ಮಾಂಸ, ಮೀನು ಯಾವಾಗಲೂ ಕೆಳಗೆ, ಮುಚ್ಚಿದ ಪಾತ್ರೆಯಲ್ಲಿ. ಇಡೀ ಲೆಟ್ಯೂಸನ್ನು ತಂದ ಕೂಡಲೇ ತೊಳೆದು ಒದ್ದೆಯಾಗಿ ಒಳಗಿಡುವ ಅಭ್ಯಾಸ ಬಿಟ್ಟುಬಿಡಿ. ತೇವ ಇದ್ದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ತಿನ್ನುವ ದಿನ ತೊಳೆದರೆ ಸಾಕು.

ಹಂತ 3: ತೊಳೆಯುವುದು

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಹೋಗೋಣ.

ಪ್ಯಾಕೆಟ್ ಮೇಲೆ ‘ತೊಳೆದಿದೆ’, ‘ಟ್ರಿಪಲ್ ವಾಷ್ಡ್’ ಅಥವಾ ‘ರೆಡಿ ಟು ಈಟ್’ ಎಂದು ಬರೆದಿದ್ದರೆ ಮತ್ತೆ ತೊಳೆಯಬೇಡಿ. ನೇರವಾಗಿ ಸ್ವಚ್ಛ ಪಾತ್ರೆಗೆ ಸುರಿದು ತಿನ್ನಿ. ಈ ಮಾತನ್ನು ಜನ ಒಪ್ಪುವುದೇ ಇಲ್ಲ. ಕಾರ್ಖಾನೆಯವರನ್ನು ಹೇಗೆ ನಂಬೋದು ಅನ್ನುತ್ತಾರೆ. ಪ್ರಶ್ನೆ ನಂಬಿಕೆಯದಲ್ಲ. ಕಾರ್ಖಾನೆಯಲ್ಲಿ ಕ್ಲೋರಿನ್ ಅಥವಾ ಅಂಥದ್ದೇ ಔಷಧಿ ಬೆರೆಸಿದ ತಣ್ಣೀರಿನಲ್ಲಿ ತೊಳೆದ ಮೇಲೂ ಎಲೆಗೆ ಅಂಟಿಕೊಂಡು ಉಳಿದ ಬ್ಯಾಕ್ಟೀರಿಯಾ ನಿಮ್ಮ ನಲ್ಲಿ ನೀರಿಗೆ ಬಿಟ್ಟುಹೋಗುವ ಸಾಧ್ಯತೆ ತೀರಾ ಕಡಿಮೆ. ಅದೇ ಹೊತ್ತಿಗೆ ನಿಮ್ಮ ಕೈ, ಸಿಂಕು, ಕತ್ತರಿಸುವ ಹಲಗೆ, ಒರೆಸುವ ಬಟ್ಟೆಯಿಂದ ಹೊಸ ಕೊಳೆ ಸೇರುವ ಸಾಧ್ಯತೆ ಜಾಸ್ತಿ. ಬೆಳಗ್ಗೆ ಅದೇ ಸಿಂಕಿನಲ್ಲಿ ಕೋಳಿ ಮಾಂಸ ತೊಳೆದಿದ್ದರಂತೂ ಕೇಳಲೇಬೇಡಿ. ಅಮೆರಿಕದ ಆಹಾರ ಸುರಕ್ಷತಾ ತಜ್ಞರ ತಂಡವೊಂದು 2007ರಲ್ಲೇ ಇದನ್ನು ಪರಿಶೀಲಿಸಿ, ಇಂಥ ಸೊಪ್ಪನ್ನು ಮನೆಯಲ್ಲಿ ಮತ್ತೆ ತೊಳೆಯುವುದರಿಂದ ಸುರಕ್ಷತೆ ಹೆಚ್ಚುವ ಸಂಭವವಿಲ್ಲ ಎಂದು ಹೇಳಿದೆ. ಪ್ಯಾಕೆಟ್ ಮೇಲೆ ಹಾಗೆ ಬರೆದಿಲ್ಲವಾ? ಹಾಗಿದ್ದರೆ ತೊಳೆಯಲೇಬೇಕು. ಓದಿ ನೋಡಿ, ಊಹೆ ಮಾಡಬೇಡಿ.

ಈಗ ಇಡೀ ಲೆಟ್ಯೂಸ್, ಬೇರಿನ ಸಮೇತ ಬಂದ ಪಾಲಕ್, ಕಟ್ಟು ಕಟ್ಟಿದ ಸೊಪ್ಪು.

ಮೊದಲು ಕೈ. ಸೋಪು ಹಾಕಿ 20 ಸೆಕೆಂಡು, ಉಗುರಿನ ಸಂದಿಯೂ ಸೇರಿ. ನೀರು ಬಡಿಸಿಕೊಂಡು ಸೀರೆಗೋ ಪ್ಯಾಂಟಿಗೋ ಒರೆಸಿಕೊಂಡರೆ ಕೈ ತೊಳೆದಂತಲ್ಲ. ಹಲಗೆ, ಚಾಕು, ಬೋಗುಣಿಯನ್ನೂ ಸೋಪಿನಿಂದ ತೊಳೆಯಿರಿ. ಸೊಪ್ಪು ಮಾತ್ರ ಸಿಂಕಿನ ತಳ ಮುಟ್ಟಬಾರದು. ಸಿಂಕಿಗೆ ನೀರು ತುಂಬಿಸಿ ಸೊಪ್ಪು ಮುಳುಗಿಸುವುದು ನನ್ನ ಪ್ರಕಾರ ಅಡುಗೆಮನೆಯ ಅತಿ ಕೆಟ್ಟ ಅಭ್ಯಾಸ.

ಹೊರಗಿನ ಎರಡು ಮೂರು ಎಲೆ ಕಿತ್ತು ಎಸೆಯಿರಿ. ಅಯ್ಯೋ ದುಡ್ಡು ಕೊಟ್ಟಿದ್ದೀವಲ್ಲ ಅನ್ನಬೇಡಿ. ಮಣ್ಣು, ಹೊಲದ ನೀರು, ಸಾಗಿಸುವಾಗ ಮುಟ್ಟಿದ ಕೈಗಳು ಎಲ್ಲದಕ್ಕೂ ಮೊದಲು ಸಿಕ್ಕಿದ್ದು ಆ ಎಲೆಗಳೇ. ಬುಡವನ್ನು ಕತ್ತರಿಸಿ ತೆಗೆದು, ಎಲೆಗಳನ್ನು ಒಂದೊಂದಾಗಿ ಬಿಡಿಸಿ. ಬಿಡಿಸದೆ ಇಡಿಯಾಗಿ ತೊಳೆದರೆ ನೀರು ಹೊರಗಿನ ಎಲೆಯ ಮೇಲೆ ಜಾರಿ ಹೋಗುತ್ತದೆ. ಮಣ್ಣು ಕೂತಿರುವುದು ಬುಡದ ಹತ್ತಿರ, ಎಲೆಯ ಮಡಿಕೆಯಲ್ಲಿ. ಜಜ್ಜಿದ, ಹರಿದ, ಕಂದಿದ ಭಾಗ ಕಂಡರೆ ಅಲ್ಲೇ ತೆಗೆದುಬಿಡಿ.

ಒಂದೊಂದೇ ಎಲೆಯನ್ನು ಹರಿಯುವ ತಣ್ಣೀರಿನ ಕೆಳಗೆ ಹಿಡಿದು ಎರಡೂ ಬದಿಯನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ. ಕೆಲಸ ಮಾಡುವುದು ಈ ಉಜ್ಜುವಿಕೆ ಮತ್ತು ಹರಿವ ನೀರು, ನೆನೆಹಾಕುವುದಲ್ಲ. ನೆನೆಹಾಕಿದರೆ ಒಂದು ಎಲೆಯಲ್ಲಿದ್ದದ್ದು ನೀರಿಗೆ ಬಿಟ್ಟು ಉಳಿದೆಲ್ಲ ಎಲೆಗೂ ಅಂಟುತ್ತದೆ. ಪಾಲಕ್‌ನಂಥ ಸಣ್ಣ ಎಲೆಯಲ್ಲಿ ಮಣ್ಣು ಜಾಸ್ತಿ ಇದ್ದು ಒಂದೊಂದೇ ತೊಳೆಯಲು ಆಗದಿದ್ದರೆ, ಸ್ವಚ್ಛ ಬೋಗುಣಿಯಲ್ಲಿ ನೀರು ತುಂಬಿ ಅಲುಗಾಡಿಸಿ. ಆಮೇಲೆ ಸೊಪ್ಪನ್ನು ಕೈಯಿಂದ ಎತ್ತಿ ತೆಗೆಯಿರಿ. ನೀರಿನ ಸಮೇತ ಜಾಲರಿಗೆ ಸುರಿದರೆ ತಳಕ್ಕೆ ಇಳಿದ ಮಣ್ಣು ಮತ್ತೆ ಸೊಪ್ಪಿನ ತಲೆ ಮೇಲೇ ಬೀಳುತ್ತದೆ. ನೀರು ಚೆಲ್ಲಿ, ಹೊಸ ನೀರು ಹಿಡಿದು, ತಳದಲ್ಲಿ ಮಣ್ಣು ಕಾಣದಿರುವ ತನಕ ಮಾಡಿ. ಕೊನೆಗೆ ಜಾಲರಿ ಬುಟ್ಟಿಯಲ್ಲಿ ಹಾಕಿ ನಲ್ಲಿ ನೀರು ಹಾಯಿಸಿ. ನಲ್ಲಿ ನೀರು ಕುಡಿಯಲು ಯೋಗ್ಯವಲ್ಲದಿದ್ದರೆ ಸೊಪ್ಪು ತೊಳೆಯಲೂ ಯೋಗ್ಯವಲ್ಲ. ಕುದಿಸಿ ಆರಿಸಿದ ನೀರನ್ನು ಚೊಂಬಿನಿಂದ ಸುರಿದು ತೊಳೆಯಿರಿ.

ತೊಳೆಯುವ ಮುಂಚೆ ಸಣ್ಣಗೆ ಹೆಚ್ಚಬೇಡಿ. ಹೆಚ್ಚಿದಷ್ಟೂ ಗಾಯದ ಅಂಚು ಜಾಸ್ತಿ. ಚಾಕು ಹೊರಗಿನ ಕೊಳೆಯನ್ನು ಒಳಗೂ ಒಯ್ಯುತ್ತದೆ.

ಇನ್ನು ಆ ದ್ರಾವಣಗಳು. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್, ಬ್ಲೀಚ್ ಯಾವುದನ್ನೂ ಸೊಪ್ಪಿಗೆ ಹಾಕಬೇಡಿ. ಎಲೆ ಅದನ್ನು ಹೀರಿಕೊಳ್ಳುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಹೊಟ್ಟೆಗೆ ಬರುತ್ತದೆ. ತರಕಾರಿ ತೊಳೆಯಲೆಂದೇ ಮಾರುವ ದ್ರಾವಣಗಳನ್ನೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಶಿಫಾರಸು ಮಾಡುವುದಿಲ್ಲ. ಬಾಟಲಿ ಮೇಲೆ ‘99.9’ ಎಂದು ದೊಡ್ಡದಾಗಿ ಬರೆದಿದ್ದರೂ ಸರಿ, ನಾನಂತೂ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ವಿನಿಗರ್ ನೀರು ಬ್ಯಾಕ್ಟೀರಿಯಾವನ್ನು ಒಂದಷ್ಟು ಕಡಿಮೆ ಮಾಡುತ್ತದೆ, ಪೂರ್ತಿ ಅಲ್ಲ. ಉಪ್ಪು ನೀರಿನಲ್ಲಿ ಹುಳ ಹೊರಗೆ ಬರಬಹುದು, ಇ. ಕೊಲೈ ಸಾಯುವುದಿಲ್ಲ. ಇವೆರಡರಲ್ಲಿ ಇರುವ ನಿಜವಾದ ಅಪಾಯ ಬೇರೆ. ಇಷ್ಟೆಲ್ಲ ಮಾಡಿದೆನಲ್ಲ ಎಂದು ಧೈರ್ಯ ಬಂದು, ಕೈ ತೊಳೆಯುವುದು, ತಂಪಾಗಿಡುವುದು ಹಿಂದೆ ಬೀಳುತ್ತದೆ.

ಯಾಕೆ ತೊಳೆದರೂ ಪೂರ್ತಿ ಹೋಗುವುದಿಲ್ಲ? ಎಲೆಯ ಮೈ ನುಣುಪಾಗಿ ಕಂಡರೂ ಅದರ ತುಂಬ ಸಣ್ಣ ತಗ್ಗುಗಳಿವೆ, ಉಸಿರಾಡುವ ರಂಧ್ರಗಳಿವೆ. ಬ್ಯಾಕ್ಟೀರಿಯಾ ಅಲ್ಲಿ ಸೇರಿಕೊಂಡರೆ ನೀರು ಮುಟ್ಟುವುದಿಲ್ಲ. ಕೆಲವು ಬ್ಯಾಕ್ಟೀರಿಯಾ ಅಂಟಿನಂಥ ಪೊರೆ ಕಟ್ಟಿಕೊಳ್ಳುತ್ತವೆ. ಒಳ್ಳೆಯ ರೀತಿಯಲ್ಲಿ ತೊಳೆದರೆ ಶೇ 90ರಿಂದ 99ರಷ್ಟು ಹೋಗಬಹುದು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಹತ್ತು ಲಕ್ಷ ಇದ್ದದ್ದು ಶೇ 99ರಷ್ಟು ಹೋದರೂ ಹತ್ತು ಸಾವಿರ ಉಳಿಯುತ್ತದೆ. ಸೈಕ್ಲೋಸ್ಪೊರಾ ಎಂಬ ಪರಾವಲಂಬಿ ಜೀವಿಯಂತೂ ಕ್ಲೋರಿನ್‌ಗೂ ಬಗ್ಗುವುದಿಲ್ಲ. ಆದ್ದರಿಂದ ತೊಳೆಯುವುದನ್ನು ಅಪಾಯ ತಗ್ಗಿಸುವ ಕೆಲಸ ಎಂದು ತಿಳಿಯಿರಿ, ಅಳಿಸುವ ಕೆಲಸ ಎಂದಲ್ಲ.

ಹಂತ 4: ಒಣಗಿಸುವುದು

ಸ್ವಚ್ಛ ಬಟ್ಟೆ ಅಥವಾ ಪೇಪರ್ ಟವೆಲ್‌ನಿಂದ ಒತ್ತಿ ತೇವ ತೆಗೆಯಿರಿ. ಪೇಪರ್ ಉತ್ತಮ. ಬೆಳಗಿನಿಂದ ಕೈ ಒರೆಸಿ, ಕಟ್ಟೆ ಒರೆಸಿ, ಒಲೆ ಪಕ್ಕ ನೇತುಹಾಕಿದ ಬಟ್ಟೆಯಿಂದ ಒರೆಸಿದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರುಪಾಲು. ಸೊಪ್ಪು ತಿರುಗಿಸಿ ಒಣಗಿಸುವ ಸಲಾಡ್ ಸ್ಪಿನ್ನರ್ ಇದ್ದರೆ ಬಳಸಿ, ಆದರೆ ಪ್ರತಿ ಸಲ ಅದರ ಒಳಬುಟ್ಟಿಯನ್ನೂ ಮುಚ್ಚಳವನ್ನೂ ಸೋಪಿನಿಂದ ತೊಳೆದು ಒಣಗಿಸಿ. ಬರೀ ಸೊಪ್ಪು ತಾನೇ ಅಂತ ಹಾಗೇ ಎತ್ತಿಡುವವರೇ ಜಾಸ್ತಿ.

ಹಂತ 5: ಉಳಿದದ್ದು

ಹೊರಗೆ ಎರಡು ಗಂಟೆಗಿಂತ ಹೆಚ್ಚು ಇದ್ದರೆ ಎಸೆಯಿರಿ. 32 ಡಿಗ್ರಿ ದಾಟಿದ ಸೆಕೆಯಿದ್ದರೆ ಒಂದೇ ಗಂಟೆ. ತೆರೆದ ಪ್ಯಾಕೆಟ್ಟಿಗೆ ಮೇಲೆ ಬರೆದ ದಿನಾಂಕ ಅನ್ವಯಿಸುವುದಿಲ್ಲ, ಒಂದೆರಡು ದಿನದಲ್ಲಿ ಮುಗಿಸಿ. ಫ್ರಿಜ್ಜಿನಲ್ಲಿದೆ, ಏನೂ ಆಗಲ್ಲ ಅನ್ನುವವರು ಲಿಸ್ಟೀರಿಯಾ ಬಗ್ಗೆ ತಿಳಿದಿರಬೇಕು. ಅದು ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ.

ಹಂತ 6: ಯಾರಿಗೆ ಹಸಿ ಕೊಡಬಾರದು

ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು. ಇವರಿಗೆ ಸೊಪ್ಪನ್ನು ಬೇಯಿಸಿ ಕೊಡುವುದೇ ಸರಿ ಎಂದು ನಾನು ಹೇಳುತ್ತೇನೆ. ಎರಡು ನಿಮಿಷ ಬಾಡಿಸಿದರೂ ಆಗುತ್ತದೆ, ಎಲ್ಲ ಕಡೆ ಹಬೆಯಾಡುವಷ್ಟು ಬಿಸಿ ತಾಗಬೇಕು. ಲಿಸ್ಟೀರಿಯಾ ಗರ್ಭಿಣಿಗೆ ಸಣ್ಣ ಜ್ವರದಂತೆ ಬಂದು ಹೋಗಬಹುದು, ಹೊಟ್ಟೆಯಲ್ಲಿರುವ ಮಗುವಿಗೆ ಮಾತ್ರ ಜೀವಕ್ಕೇ ಅಪಾಯ.

ಮೊಳಕೆಗಳನ್ನು ಇವರಿಗೆ ಹಸಿಯಾಗಿ ಕೊಡಲೇಬೇಡಿ. ಬೀಜ ಮೊಳೆಯಲು ಬೇಕಾದ ಬೆಚ್ಚನೆ, ತೇವ ಎರಡೂ ಬ್ಯಾಕ್ಟೀರಿಯಾಕ್ಕೂ ಇಷ್ಟ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೊಲೈಗೆ 50ಕ್ಕೂ ಹೆಚ್ಚು ಜನ ಬಲಿಯಾದರು. ಮೊದಲು ಸೌತೆಕಾಯಿಯ ಮೇಲೆ ಅನುಮಾನ ಬಿದ್ದಿತ್ತು, ಮೊಳಕೆ ಎಂದು ಪತ್ತೆಯಾಗಲು ವಾರಗಳೇ ಹಿಡಿದವು.

ಹಂತ 7: ಹೊಟ್ಟೆ ಕೆಟ್ಟರೆ

ಇ. ಕೊಲೈ ಕಾಯಿಲೆ ಸಾಮಾನ್ಯವಾಗಿ ತಿಂದ ಮೂರು ನಾಲ್ಕು ದಿನದ ಮೇಲೆ ಶುರುವಾಗುತ್ತದೆ. ಹಾಗಾಗಿ ನಿನ್ನೆಯ ಊಟವನ್ನಷ್ಟೇ ಬೈಯಬೇಡಿ, ಹಿಂದಿನ ಇಡೀ ವಾರ ಏನು ತಿಂದಿರಿ ಎಂದು ಬರೆದಿಡಿ. ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಜೋರಾಗಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಬಿಳಿಚಿಕೊಂಡು ಸುಸ್ತಾದರೆ ಆ ದಿನವೇ ವೈದ್ಯರ ಹತ್ತಿರ ಹೋಗಿ. ಮನೆಯಲ್ಲಿ ಉಳಿದಿರುವ ಆ್ಯಂಟಿಬಯೋಟಿಕ್ ಅಥವಾ ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವೇ ನುಂಗಬೇಡಿ. ಈ ಬಗೆಯ ಇ. ಕೊಲೈಯಲ್ಲಿ ಅವು ಮೂತ್ರಪಿಂಡದ ತೊಂದರೆಯನ್ನು ಹೆಚ್ಚಿಸುವ ಭಯವಿದೆ. ಆ ತೊಂದರೆ ಕಾಣಿಸಿಕೊಳ್ಳುವುದು ಭೇದಿ ಶುರುವಾಗಿ ಸುಮಾರು ಒಂದು ವಾರದ ಹೊತ್ತಿಗೆ, ಭೇದಿ ಕಡಿಮೆಯಾಯಿತು ಅನ್ನಿಸುವಾಗ. ಆದ್ದರಿಂದ ಆ ವಾರ ಪೂರ್ತಿ ಮಗುವಿನ ಮೂತ್ರದ ಮೇಲೆ ಕಣ್ಣಿಡಿ.

ಪ್ಯಾಕೆಟ್ ಎಸೆಯಬೇಡಿ. ಇನ್ನೊಂದು ಕವರಿನಲ್ಲಿ ಕಟ್ಟಿ, ‘ತಿನ್ನಬೇಡಿ’ ಎಂದು ಬರೆದು ಫ್ರಿಜ್ಜಿನ ಮೂಲೆಯಲ್ಲಿಡಿ. ಬ್ಯಾಚ್ ನಂಬರ್, ದಿನಾಂಕ, ಖರೀದಿಯ ಬಿಲ್ಲಿನ ಫೋಟೊ ತೆಗೆದುಕೊಂಡು ವೈದ್ಯರಿಗೂ ಆರೋಗ್ಯ ಇಲಾಖೆಗೂ ಕೊಡಿ. ಯಾವ ಹೊಲದ ಸೊಪ್ಪು ಎಂದು ಹುಡುಕಲು ಅವರಿಗೆ ಇರುವ ಹಿಡಿತ ಆ ನಂಬರ್ ಒಂದೇ. ಅದೇ ಬ್ಯಾಚಿನ ಪ್ಯಾಕೆಟ್ ಇನ್ನೂ ಎಷ್ಟೋ ಮನೆಗಳ ಫ್ರಿಜ್ಜಿನಲ್ಲಿ ಇರುತ್ತದೆ.