ನಾಡಿ ಹಿಡಿಯುವ ಮುನ್ನ

ಹೃದಯಾಘಾತವಾಗಿ, ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡವರ ಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ನಾನು. ಮಂಡ್ಯದಲ್ಲಿ ಒಂದಷ್ಟು ಮನೆ, ಸುತ್ತಲಿನ ಹಳ್ಳಿಗಳಲ್ಲಿ ಒಂದಷ್ಟು. ಮೊದಮೊದಲು ಎಲ್ಲರಿಗೂ "ಹೆದರಬೇಡಿ" ಎನ್ನುತ್ತಿದ್ದೆ. ಆ ಮಾತು ಕೇಳಿ ಹೆದರಿಕೆ ಬಿಟ್ಟವರನ್ನು ಈವರೆಗೆ ಕಂಡಿಲ್ಲ.

ನನಗೆ ಪಾಠ ಕಲಿಸಿದವರು ವಿಶ್ವೇಶ್ವರಯ್ಯ ನಾಲೆಯ ಪಕ್ಕದ ಊರಿನ ಒಬ್ಬ ಕಬ್ಬು ಬೆಳೆಗಾರರು. ಸ್ಟೆಂಟ್ ಹಾಕಿ ಐದು ವಾರವಾಗಿತ್ತು. ಹೃದಯದ ಸ್ಕ್ಯಾನಿನ, ಅಂದರೆ ಎಕೋದ ವರದಿ ಚೆನ್ನಾಗಿತ್ತು, ನಡೆಯಲು ವೈದ್ಯರೂ ಒಪ್ಪಿದ್ದರು. ಅವರು ಮಾತ್ರ ಜಗಲಿ ಇಳಿಯುತ್ತಿರಲಿಲ್ಲ. ತೋರುಬೆರಳಿಗೆ ಸದಾ ಆಕ್ಸಿಮೀಟರ್, ರಕ್ತದ ಆಮ್ಲಜನಕ ಶೇಕಡಾ ಎಷ್ಟೆಂದು ತೋರಿಸುವ ಸಾಧನ. ಪುಷ್ಯದ ಚಳಿಯಲ್ಲಿ ಬೆರಳು ತಣ್ಣಗಿದ್ದಾಗ ಅದು 91 ತೋರಿಸುವುದು. ನೋಡಿದೊಡನೆ ಅವರ ಎದೆ ಹೊಡೆದುಕೊಳ್ಳುವುದು. ಪಕ್ಕದಲ್ಲಿ ಏರುವ ನಾಡಿಯ ಅಂಕಿ ಕಂಡು ಮತ್ತಷ್ಟು ಗಾಬರಿ. ಅವರ ಕೈಯನ್ನು ನನ್ನ ಅಂಗೈಗಳ ನಡುವೆ ಉಜ್ಜಿ ಬೆಚ್ಚಗಾಗಿಸಿ ಮತ್ತೆ ಸಿಕ್ಕಿಸಿದೆ. 97 ಬಂತು. ನಾನೇನೋ ಕಣ್ಕಟ್ಟು ಮಾಡಿದೆನೆಂಬಂತೆ ನೋಡಿದರು.

ಮೂರನೆಯ ಭೇಟಿಯಲ್ಲಿ ಕಾಫಿ ಕೊಡುವ ನೆಪದಲ್ಲಿ ಅವರ ಹೆಂಡತಿ ತಗ್ಗಿದ ದನಿಯಲ್ಲಿ ಹೇಳಿದರು: "ಮೇಡಂ, ನಮ್ಮ ಮಾವನೂ ಎದೆನೋವಿನಲ್ಲೇ ಹೋದವರು. ಆಗ ಅವರಿಗೆ ಐವತ್ತೆರಡು. ಯುಗಾದಿ ಕಳೆದರೆ ಇವರಿಗೂ ಐವತ್ತೆರಡು."

ಎರಡು ಭೇಟಿ ನಾಡಿ ಎಣಿಸುವುದರಲ್ಲೇ ಕಳೆದಿದ್ದೆ. ಕೇಳಬೇಕಾದ್ದನ್ನು ಕೇಳಿರಲಿಲ್ಲ.

ಈಗ ನಾಡಿ ಮುಟ್ಟುವ ಮೊದಲೇ ಕೇಳುತ್ತೇನೆ. ಹಿಂದೆ ಆತಂಕಕ್ಕೋ ಖಿನ್ನತೆಗೋ ಮಾತ್ರೆ ತೆಗೆದುಕೊಂಡದ್ದುಂಟೇ? ಉಂಟೆಂದರೆ ಅದನ್ನೇ ಮೊದಲು ಬರೆದುಕೊಳ್ಳುತ್ತೇನೆ. ಮತ್ತೆ ಕಾಡುವ ಸಾಧ್ಯತೆ ಅಂಥವರಿಗೆ ಹೆಚ್ಚು. ಮನೆಯಲ್ಲಿ ಹೀಗೆಯೇ ಯಾರಾದರೂ ಹೋಗಿದ್ದಾರೆಯೇ? ರಾತ್ರಿ ಜೊತೆಗೆ ಯಾರಿರುತ್ತಾರೆ? ಆಸ್ಪತ್ರೆಗೆ ಸಾಲ ಮಾಡಿದಿರಾ? ಬೀಡಿ ಬಿಟ್ಟು ಎಷ್ಟು ದಿನವಾಯಿತು? ಬಿಟ್ಟ ಹೊಸತರಲ್ಲಿ ಬರುವ ಚಡಪಡಿಕೆಯನ್ನು ಹೃದಯದ ತಲೆಗೆ ಕಟ್ಟುವವರು ಬಹಳ. ಹೆಂಗಸರ ಬಳಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇನೆ. ಆತಂಕ ಅವರಲ್ಲೇ ಜಾಸ್ತಿ, ಬಾಯಿಬಿಡುವುದು ಕಡಿಮೆ.

ನಂತರ ಆತಂಕವನ್ನು ಅಳೆಯುವ ಜಿಎಡಿ-7 ಪ್ರಶ್ನಾವಳಿ. ಕಳೆದ ಎರಡು ವಾರಗಳ ಬಗ್ಗೆ ಏಳು ಪ್ರಶ್ನೆ, ಒಟ್ಟು 21 ಅಂಕ. ಹತ್ತು ಮುಟ್ಟಿದರೆ ವೈದ್ಯರಿಗೆ ತಿಳಿಸುತ್ತೇನೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಬರೆದುಕೊಡುತ್ತೇನೆ. ಎದೆನೋವು ತೋಳಿಗೋ ದವಡೆಗೋ ಹರಡಿದರೆ, ಬೆವರಿದರೆ ಇದಾವುದೂ ಬೇಡ, ನೇರ 108.

ಕೆಲವೊಮ್ಮೆ ಹೆದರಿಸುವವರು ಮನೆಯವರೇ. ಆ ಕಬ್ಬು ಬೆಳೆಗಾರರ ಮನೆಯಲ್ಲಿ ಮಗ ಬಚ್ಚಲಿನ ಒಳಚಿಲಕವನ್ನು ಕಿತ್ತುಹಾಕಿದ್ದ, ಅಪ್ಪ ಒಳಗೆ ಬಿದ್ದರೆ ಎಂದು. ಪ್ರೀತಿಯೇ ಸರಿ, ಆದರೆ ಸ್ನಾನಕ್ಕೆ ಹೋದಾಗಲೆಲ್ಲ ಆ ಮನುಷ್ಯನಿಗೆ ನೆನಪಾಗುವುದು ಸಾವು. ಮೊದಲು ಚಿಲಕ ಹಾಕಿಸಿದೆ. ಆಕ್ಸಿಮೀಟರ್ ಹೆಂಡತಿಯ ವಶಕ್ಕೆ ಹೋಯಿತು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಎಂಬ ಕರಾರಿನ ಮೇಲೆ.

ಆಮೇಲೆ ನಾಲೆ ಏರಿಯ ಮೇಲೆ ನಡಿಗೆ. ಮಾತನಾಡುತ್ತಲೇ ನಡೆಯಬೇಕು, ಮಾತು ತುಂಡಾದರೆ ನಿಧಾನಿಸಬೇಕು, ಇಷ್ಟೇ ನಿಯಮ. ಮೊದಲ ದಿನ ಎರಡನೆಯ ಕರೆಂಟ್ ಕಂಬದಲ್ಲೇ ನಿಂತುಬಿಟ್ಟರು. ಮೂರನೆಯ ವಾರ ಒಂದು ಬೆಳಿಗ್ಗೆ ತಾವಾಗಿಯೇ ಕೇಳಿದರು:

"ಅಪ್ಪ ಹೋದದ್ದು 84ರಲ್ಲಿ. ಆಗ ಈ ಸ್ಟೆಂಟ್ ಇತ್ತೇ ಮೇಡಂ?"

"ಇಲ್ಲ. ಮನುಷ್ಯರ ಹೃದಯಕ್ಕೆ ಮೊದಲು ಹಾಕಿದ್ದೇ 1986ರಲ್ಲಿ."

ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಮತ್ತೆ ಮಾತಿಲ್ಲ. ತೂಬಿನವರೆಗೂ ನನಗಿಂತ ಮುಂದೆಯೇ ನಡೆದರು.