ಹಳೆಯ ಅಪಾರ್ಟ್‌ಮೆಂಟ್‌ಗೆ ಹಸಿರು ತಂತ್ರಜ್ಞಾನ: ಮೊದಲು ಮೀಟರ್, ಕೊನೆಗೆ ಸೋಲಾರ್

ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಹಸಿರು ತಂತ್ರಜ್ಞಾನದ ಮಾತು ಬಂದ ಕೂಡಲೇ ಎಲ್ಲರ ಕಣ್ಣು ತಾರಸಿಯ ಸೋಲಾರ್ ಫಲಕದ ಮೇಲೆ ಬೀಳುತ್ತದೆ. ನನ್ನನ್ನು ಕೇಳಿದರೆ, ಕೈಹಾಕಬೇಕಾದದ್ದು ಮೊದಲು ನೀರಿಗೆ.

ಓವರ್‌ಹೆಡ್ ಟ್ಯಾಂಕಿನಿಂದ ಹೊರಡುವ ಮುಖ್ಯ ಪೈಪಿಗೆ ಡಿಜಿಟಲ್ ಮೀಟರ್ ಕೂರಿಸಿ, ಗಂಟೆಗೊಮ್ಮೆ ಅದರ ಲೆಕ್ಕ ಮೊಬೈಲಿಗೆ ಬರುವಂತೆ ಮಾಡಿಕೊಂಡು, ಒಂದು ವಾರ ರಾತ್ರಿ 2ರಿಂದ 4 ಗಂಟೆಯ ಅಂಕಿಗಳನ್ನು ಗಮನಿಸಿ. ಎಲ್ಲರೂ ಮಲಗಿರುವ ಆ ಹೊತ್ತಿನಲ್ಲೂ ಮೀಟರ್ ಒಂದೇ ಸಮನೆ ಓಡುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಮೊದಲ ಅನುಮಾನ ಫ್ಲಶ್ ಟ್ಯಾಂಕಿನ ಮೇಲಿರಲಿ. ಅದರೊಳಗೆ ನಾಲ್ಕು ಹನಿ ನೀಲಿ ಶಾಯಿ ಬಿಟ್ಟು, ಫ್ಲಶ್ ಮಾಡದೆ ಅರ್ಧ ಗಂಟೆ ಕಾದರೆ, ಸೋರುವ ಕಮೋಡಿನ ನೀರು ತಾನಾಗಿಯೇ ನೀಲಿಯಾಗುತ್ತದೆ. ಮನೆಗೊಂದು ಮೀಟರ್ ಹಾಕುವ ಉತ್ಸಾಹವಿದ್ದರೆ, ಹಳೆಯ ಕಟ್ಟಡಗಳಲ್ಲಿ ಬಚ್ಚಲಿಗೂ ಅಡುಗೆಮನೆಗೂ ಬೇರೆ ಬೇರೆ ಪೈಪು ಇಳಿದಿರುವುದರಿಂದ ಒಂದೇ ಮನೆಗೆ ಮೂರು ನಾಲ್ಕು ಮೀಟರ್ ಬೇಕಾದೀತೆಂದು ಸಂಘದ ಸಭೆಯಲ್ಲಿ ಮೊದಲೇ ಹೇಳಿಬಿಡಿ, ಜಗಳ ತಪ್ಪುತ್ತದೆ.

ಟ್ಯಾಂಕ್ ತುಂಬಿದಾಗ ಮೋಟಾರ್ ತಾನೇ ನಿಲ್ಲಲು ಶಬ್ದತರಂಗದಿಂದ ನೀರಿನ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ವಾಸಿ, ಏಕೆಂದರೆ ಬೋರ್‌ವೆಲ್ ನೀರಿನಲ್ಲಿ ನೀರಿನ ಮೇಲೆ ತೇಲುವ ಫ್ಲೋಟ್ ಸ್ವಿಚ್ಚಿಗೆ ಉಪ್ಪು ಕಟ್ಟಿ ಅದು ಸಿಕ್ಕಿಕೊಳ್ಳುತ್ತದೆ. ನೀರು ಬೀಳುವ ಜಾಗದಿಂದ ಸೆನ್ಸರನ್ನು ದೂರವಿಡಿ. ನೀರಿನ ಅಲೆಗಳಿಂದ ಲೆಕ್ಕ ತಪ್ಪುತ್ತದೆ. ಸಂಪು ಬರಿದಾದಾಗಲೂ ಮೋಟಾರ್ ನಿಲ್ಲಬೇಕು. ಜಲಮಂಡಳಿ 2024ರಲ್ಲಿ ಕಡ್ಡಾಯಗೊಳಿಸಿದ, ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಏರೇಟರ್‌ಗಳನ್ನು ನಲ್ಲಿಗಳಿಗೆ ಹಾಕಿಸಲು ಪ್ಲಂಬರಿಗೆ ಒಂದೆರಡು ದಿನ ಸಾಕು.

ಇನ್ನು ಬೆಳಕು. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ 18 ವಾಟ್‌ನ 40 ಎಲ್‌ಇಡಿ ಟ್ಯೂಬುಗಳು ಹಗಲಿರುಳು ಉರಿದರೆ ದಿನಕ್ಕೆ 17 ಯೂನಿಟ್ ಖರ್ಚಾಗುತ್ತದೆ. ಬೆಂಗಳೂರಿನ ಬಿಸಿಲಿನಲ್ಲಿ ಒಂದು ಕಿಲೋವಾಟ್ ಸೋಲಾರ್ ದಿನಕ್ಕೆ ಕೊಡುವುದು ಸರಾಸರಿ 4 ಯೂನಿಟ್, ಅದಕ್ಕೆ ಬೇಕಾದ ಜಾಗ ಸುಮಾರು 100 ಚದರಡಿ. ಅಂದರೆ ಖಾಲಿ ಪಾರ್ಕಿಂಗಿಗೆ ಬೆಳಕು ಕೊಡಲೆಂದೇ ತಾರಸಿಯ 400 ಚದರಡಿ ಮೀಸಲಿಟ್ಟಂತಾಯಿತು. ಜನ ಬಂದಾಗ ಮಾತ್ರ ಪೂರ್ತಿ ಬೆಳಗುವ ಸೆನ್ಸರ್ ಟ್ಯೂಬುಗಳನ್ನು ಹಾಕಿಸಿ, ಲಿಫ್ಟಿನ ಬಾಗಿಲಲ್ಲಿ ಮತ್ತು ಇಳಿಜಾರಿನಲ್ಲಿ ಮಾತ್ರ ಖಾಯಂ ದೀಪ ಉಳಿಸಿಕೊಳ್ಳಿ.

ಹೀಗೆ ಬಳಕೆ ಇಳಿದ ಮೇಲೆ ಉಳಿದ ಯೂನಿಟ್‌ಗಳಿಗೆ ತಕ್ಕಷ್ಟೇ ಸೋಲಾರ್ ಲೆಕ್ಕ ಹಾಕಿ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಕ್ಕೆ ಸಾಮಾನ್ಯ ಸೌಲಭ್ಯಗಳಿಗಾಗಿ ಕಿಲೋವಾಟ್‌ಗೆ 18,000 ರೂಪಾಯಿ ಸಹಾಯಧನವಿದ್ದು, ಅರ್ಜಿ ಹಾಕಿದ ನಂತರವೇ ಫಲಕ ಕೊಳ್ಳಬೇಕು. ಚಳಿಗಾಲದಲ್ಲಿ ನೆರಳು ಉತ್ತರಕ್ಕೆ ಚಾಚುವುದರಿಂದ ಫಲಕಗಳು ಟ್ಯಾಂಕಿನ ದಕ್ಷಿಣಕ್ಕಿರಲಿ. ಬ್ಯಾಟರಿಯಿಲ್ಲದೆ, ಊರಿನ ವಿದ್ಯುತ್ ಜಾಲವಾದ ಗ್ರಿಡ್‌ಗೆ ಜೋಡಿಸಿದ ಸೋಲಾರ್, ಲೈನ್‌ಮನ್‌ಗಳ ಸುರಕ್ಷತೆಗಾಗಿ, ಕರೆಂಟ್ ಹೋದೊಡನೆ ತಾನೂ ನಿಂತುಬಿಡುತ್ತದೆ. ಹಾಗಾಗಿ ಲಿಫ್ಟಿನ ಜನರೇಟರನ್ನು ಮಾರಲು ಅವಸರಪಡಬೇಡಿ.